ಆಯ್ದವನ ಕೈ: ಪಾಲ್‌ಗ್ರೇವನ ಅಭಿರುಚಿಯೂ ಕನ್ನಡ ಭಾವಗೀತೆಯೂ

ಕವಿಯನ್ನು ಕುರಿತು ನಾವು ಬಹಳ ಮಾತಾಡುತ್ತೇವೆ. ಅವನು ಹುಟ್ಟಿದ ಊರು, ಬೆಳೆದ ಮನೆತನ, ಓದಿದ ಗ್ರಂಥಗಳು, ಅವನ ಮೇಲಾದ ಪ್ರಭಾವಗಳು ಇವೆಲ್ಲವೂ ವಿಮರ್ಶೆಗೆ ಸಾಮಗ್ರಿಯಾಗುತ್ತವೆ. ಆದರೆ ಕವಿಗೂ ವಾಚಕನಿಗೂ ನಡುವೆ ನಿಂತು, ‘ಇದಿರಲಿ, ಅದು ಬೇಡ’ ಎಂದು ತೀರ್ಮಾನಿಸಿದ ಇನ್ನೊಬ್ಬನಿದ್ದಾನೆ. ಅವನೇ ಕವನಸಂಗ್ರಹದ ಸಂಪಾದಕ. ಅವನ ಹೆಸರು ಮುಖಪತ್ರದಲ್ಲಿ ಅಚ್ಚಾಗಿದ್ದರೂ ನಮ್ಮ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಒಂದು ಸಾಹಿತ್ಯದ ಸಾವಿರಾರು ಪದ್ಯಗಳಲ್ಲಿ ನಮ್ಮವರೆಗೆ ಬಂದು ಮುಟ್ಟಿದವು ಯಾವುವು, ದಾರಿಯಲ್ಲೇ ಉಳಿದವು ಯಾವುವು ಎಂಬುದನ್ನು ನಿರ್ಣಯಿಸಿದವನು ಅವನು. ಆದ್ದರಿಂದ ಅವನ ಹುಟ್ಟು ಬೆಳವಣಿಗೆಗಳನ್ನೂ ಅಭಿರುಚಿಯನ್ನೂ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಇದಕ್ಕೆ ಒಂದು ಉತ್ತಮ ನಿದರ್ಶನವಾಗಿ ಫ್ರಾನ್ಸಿಸ್ ಟರ್ನರ್ ಪಾಲ್‌ಗ್ರೇವನನ್ನು ಇಲ್ಲಿ ತೆಗೆದುಕೊಂಡಿದೆ. ಇವನು 1861ರಲ್ಲಿ ಪ್ರಕಟಿಸಿದ ‘ಗೋಲ್ಡನ್ ಟ್ರೆಷರಿ’ ಎಂಬ ಆಂಗ್ಲ ಭಾವಗೀತೆಗಳ ಸಂಗ್ರಹವು ಇಂಗ್ಲೆಂಡಿನ ಮನೆಗಳಲ್ಲಿಯೂ ಭಾರತದ ಕಾಲೇಜುಗಳಲ್ಲಿಯೂ ಹಲವು ತಲೆಮಾರುಗಳ ಕೈಪಿಡಿಯಾಗಿತ್ತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಎಂಬ ಕೃತಿಯ ಬಹುಪಾಲು ಮೂಲಪದ್ಯಗಳು ಈ ಸಂಗ್ರಹದಲ್ಲಿ ದೊರೆಯುತ್ತವೆ. ಹೊಸಗನ್ನಡ ಕವಿತೆಯ ಚರಿತ್ರೆಯನ್ನು ಬರೆಯುವವರು ‘ಇಂಗ್ಲಿಷ್ ಗೀತಗಳ’ ಹೆಸರನ್ನು ಬಿಡುವಂತಿಲ್ಲ. ಹಾಗಾದರೆ ಪಾಲ್‌ಗ್ರೇವನ ಹೆಸರನ್ನು ಮಾತ್ರ ಬಿಡುವುದು ಹೇಗೆ?

ಪಾಲ್‌ಗ್ರೇವನು 1824ರಲ್ಲಿ ಗ್ರೇಟ್ ಯಾರ್ಮತ್ ಎಂಬ ಕಡಲ ಕರೆಯ ಪಟ್ಟಣದಲ್ಲಿ ಜನಿಸಿದನು. ತಂದೆ ಸರ್ ಫ್ರಾನ್ಸಿಸ್ ಪಾಲ್‌ಗ್ರೇವನು ಯೆಹೂದಿ ಮನೆತನದಲ್ಲಿ ಹುಟ್ಟಿ, ವಿವಾಹಕಾಲದಲ್ಲಿ ಕ್ರೈಸ್ತನಾಗಿ, ಕೊಹೆನ್ ಎಂಬ ತನ್ನ ಕುಲನಾಮವನ್ನು ಬಿಟ್ಟು ಅತ್ತೆಯ ತವರುಮನೆಯ ಹೆಸರನ್ನು ಧರಿಸಿದವನು. ಚರಿತ್ರಕಾರನಾದ ಆತನು ಇಂಗ್ಲೆಂಡಿನ ರಾಜ್ಯದಾಖಲೆಗಳ ಭಂಡಾರಕ್ಕೆ ಮುಖ್ಯಾಧಿಕಾರಿಯಾಗಿ, ಚೆದರಿಹೋಗಿದ್ದ ಹಳೆಯ ಕಾಗದಪತ್ರಗಳನ್ನು ಒಂದೆಡೆ ಕೂಡಿಸಿ ಕ್ರಮಪಡಿಸುವುದರಲ್ಲಿ ಆಯುಷ್ಯವನ್ನು ಕಳೆದನು. ತಾಯಿಯ ತಂದೆ ಡಾಸನ್ ಟರ್ನರನು ವೃತ್ತಿಯಿಂದ ಬ್ಯಾಂಕಿನ ಯಜಮಾನ, ಪ್ರವೃತ್ತಿಯಿಂದ ಸಸ್ಯಶಾಸ್ತ್ರಜ್ಞ. ಹಸ್ತಪ್ರತಿಗಳನ್ನೂ ಚಿತ್ರಗಳನ್ನೂ ಕೂಡಿಹಾಕುವುದು ಆತನ ಹವ್ಯಾಸ. ಹೀಗೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಸಂಗ್ರಹಿಸುವ, ವಿಂಗಡಿಸುವ, ಜೋಪಾನವಾಗಿಡುವ ಸಂಸ್ಕಾರವೇ ಮಗನಿಗೆ ಬಳುವಳಿಯಾಗಿ ಬಂದಿತು. ತಂದೆ ರಾಜ್ಯದ ಪತ್ರಗಳಿಗೆ ಮಾಡಿದುದನ್ನು ಮಗನು ಭಾಷೆಯ ಪದ್ಯಗಳಿಗೆ ಮಾಡಿದನೆಂದರೆ ಸಲ್ಲುತ್ತದೆ.

ಚಾರ್ಟರ್‌ಹೌಸ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿಯೂ ಗ್ರೀಕ್ ಲ್ಯಾಟಿನ್ ಸಾಹಿತ್ಯಗಳನ್ನು ಓದಿ, ಕೆಲಕಾಲ ಗ್ಲ್ಯಾಡ್‌ಸ್ಟನ್ನನ ಆಪ್ತ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿದ್ದು, 1850ರಿಂದ 1855ರವರೆಗೆ ನೆಲ್ಲರ್ ಹಾಲ್ ಎಂಬ ಉಪಾಧ್ಯಾಯರ ತರಬೇತಿ ಸಂಸ್ಥೆಯಲ್ಲಿ ಉಪಪ್ರಾಂಶುಪಾಲನಾಗಿ ಈತನು ಕೆಲಸ ಮಾಡಿದನು. ಈ ಸಂಸ್ಥೆ ಸಾಮಾನ್ಯವಾದುದಲ್ಲ. ಅನಾಥಾಲಯಗಳಂತಿದ್ದ ಬಡವರ ಗೃಹಗಳಲ್ಲಿ ಬೆಳೆಯುವ ಮಕ್ಕಳಿಗೆ ಪಾಠ ಹೇಳತಕ್ಕ ಗುರುಗಳನ್ನು ತಯಾರಿಸುವುದು ಅದರ ಉದ್ದೇಶವಾಗಿತ್ತು. ಆಮೇಲೆ ಸರಕಾರದ ವಿದ್ಯಾಇಲಾಖೆಯಲ್ಲಿ ಅಧಿಕಾರಿಯಾಗಿ 1884ರವರೆಗೆ ದುಡಿದನು. ‘ಗೋಲ್ಡನ್ ಟ್ರೆಷರಿ’ ಹುಟ್ಟಿದ್ದು ಇಂಥ ವಿದ್ಯಾಧಿಕಾರಿಯ ಬಿಡುವಿನ ವೇಳೆಯಲ್ಲಿ. ಆಕ್ಸ್‌ಫರ್ಡಿನ ಕಾವ್ಯಪ್ರಾಧ್ಯಾಪಕ ಪದವಿ ಅವನಿಗೆ ಲಭಿಸಿದ್ದು ಇದಾದ ಬಹುಕಾಲಕ್ಕೆ, 1885ರಲ್ಲಿ. ಅರ್ಪಣಪತ್ರಿಕೆಯಲ್ಲಿ ಅವನು ತನ್ನ ಗ್ರಂಥವು ಶ್ರಮಜೀವಿಗಳಿಗೂ ಬಡವರಿಗೂ ಆನಂದದ ಭಂಡಾರವಾಗಲೆಂದು ಹಾರೈಸಿದ್ದಾನೆ. ಇದನ್ನು ಬರಿಯ ಅಲಂಕಾರದ ಮಾತೆಂದು ತಳ್ಳಿಬಿಡಬಾರದು. ಬಡ ಮಕ್ಕಳ ಗುರುಗಳಿಗೆ ಗುರುವಾಗಿದ್ದವನ ಬಾಯಿಂದ ಬಂದ ಹಾರೈಕೆ ಅದು.

ಸಂಗ್ರಹದ ಯೋಚನೆ 1860ರ ಬೇಸಗೆಯಲ್ಲಿ, ಕಾರ್ನ್‌ವಾಲಿನ ಕಡಲಬಂಡೆಗಳ ನಡುವೆ ಕವಿ ಟೆನಿಸನ್ನನೊಡನೆ ಸಂಚರಿಸುತ್ತಿದ್ದಾಗ ಮೊಳೆಯಿತು. ಟೆನಿಸನ್ನನು ಆಗ ಇಂಗ್ಲೆಂಡಿನ ಆಸ್ಥಾನಕವಿ. ಅವನ ಪ್ರೋತ್ಸಾಹವನ್ನು ಪಡೆದು, ಶಿಲ್ಪಿ ವುಲ್ನರ್, ಮಿಲ್ಲರ್ ಎಂಬಿಬ್ಬರು ಗೆಳೆಯರನ್ನು ಜತೆಗೂಡಿಸಿಕೊಂಡು, ಪಾಲ್‌ಗ್ರೇವನು ಇಂಗ್ಲಿಷಿನ ಕವಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಒಂದೊಂದು ಪದ್ಯವನ್ನೂ ಒರೆಗೆ ಹಚ್ಚಿದನು. ಸಂದೇಹ ಬಂದಲ್ಲಿ ಟೆನಿಸನ್ನನ ತೀರ್ಪು. ಒಂದು ವರ್ಷದೊಳಗಾಗಿ 288 ಪದ್ಯಗಳ ಪುಸ್ತಕ ಸಿದ್ಧವಾಯಿತು. ಬದುಕಿದ್ದ ಕವಿಗಳಾರನ್ನೂ ಸೇರಿಸಬಾರದೆಂಬ ನಿಯಮವಿದ್ದುದರಿಂದ ತೀರ್ಪುಗಾರನಾದ ಟೆನಿಸನ್ನನ ಪದ್ಯವೇ ಅದರಲ್ಲಿಲ್ಲ.

ಈಗ ಅವನ ಅಭಿರುಚಿಯನ್ನು ನೋಡೋಣ. ಪಾಲ್‌ಗ್ರೇವನ ದೊಡ್ಡ ಗುಣವೆಂದರೆ ತನ್ನ ಅಳತೆಗೋಲನ್ನು ಮರೆಮಾಡದೆ ಮುನ್ನುಡಿಯಲ್ಲಿಯೇ ಓದುಗನ ಮುಂದಿಟ್ಟದ್ದು. ಅವನ ಪ್ರಕಾರ ಭಾವಗೀತೆಯು ಒಂದೇ ಆಲೋಚನೆ, ಒಂದೇ ಭಾವ ಅಥವಾ ಒಂದೇ ಸನ್ನಿವೇಶದ ಸುತ್ತ ತಿರುಗಬೇಕು. ಕಥನ, ವರ್ಣನೆ, ಉಪದೇಶ ಇವು ಹೊರಗೆ. ವೇಗವಾದ ನಡೆ, ಸಂಕ್ಷೇಪ, ಮಾನವಹೃದಯದ ಆವೇಗದ ಬಣ್ಣ ಈ ಮೂರೂ ಇದ್ದರೆ ಮಾತ್ರ ಅವಕ್ಕೆ ಪ್ರವೇಶ. ಹಾಸ್ಯಪದ್ಯಕ್ಕೆ ಸಾಮಾನ್ಯವಾಗಿ ಎಡೆಯಿಲ್ಲ. ಪ್ರಾಸರಹಿತವಾದ ಸರಳ ಛಂದಸ್ಸಿಗೂ ಇಲ್ಲ. ಪದ್ಯವೊಂದರ ಏಕತೆಗೆ ಭಂಗ ಬರುವುದೆಂದು ತೋರಿದಲ್ಲಿ ಒಂದೆರಡು ನುಡಿಗಳನ್ನು ಬಿಟ್ಟುಬಿಡುವುದಕ್ಕೂ ಅವನು ಹಿಂಜರಿಯಲಿಲ್ಲ. ತಲೆಬರಹವಿಲ್ಲದ ಪದ್ಯಗಳಿಗೆ ತಾನೇ ತಲೆಬರಹ ಕೊಟ್ಟನು. ಷೇಕ್ಸ್‌ಪಿಯರನ ಸುನೀತಗಳು ಕೂಡ ಅವನ ಕೈಯಿಂದ ನಾಮಕರಣ ಮಾಡಿಸಿಕೊಂಡವು.

ಜೋಡಣೆಯಲ್ಲಿ ಅವನ ಕೌಶಲ ಎದ್ದು ಕಾಣುತ್ತದೆ. ಗ್ರಂಥವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಷೇಕ್ಸ್‌ಪಿಯರ್, ಮಿಲ್ಟನ್, ಗ್ರೇ, ವರ್ಡ್ಸ್‌ವರ್ತ್ ಎಂಬ ನಾಲ್ವರನ್ನು ಒಂದೊಂದು ಭಾಗದ ಅಧಿದೇವತೆಗಳಂತೆ ನಿಲ್ಲಿಸಿದನು. ಆದರೆ ಭಾಗದೊಳಗೆ ಕಾಲಾನುಕ್ರಮವನ್ನು ಪಾಲಿಸದೆ ಭಾವದಿಂದ ಭಾವಕ್ಕೆ, ವಸ್ತುವಿನಿಂದ ವಸ್ತುವಿಗೆ ಮೆಲ್ಲನೆ ದಾಟುವಂತೆ ಪದ್ಯಗಳನ್ನು ಪೋಣಿಸಿದನು. ನ್ಯಾಷನ ವಸಂತಗೀತದಿಂದ ಪ್ರಾರಂಭವಾಗುವ ಗ್ರಂಥವು, ನಿಂತುಹೋದ ಸಂಗೀತವು ನೆನಪಿನಲ್ಲಿ ಮಿಡಿಯುವ ಬಗೆಯನ್ನು ಹೇಳುವ ಷೆಲ್ಲಿಯ ಪುಟ್ಟ ಕವಿತೆಯಿಂದ ಮುಗಿಯುತ್ತದೆ. ಇಡಿಯ ಪುಸ್ತಕವೇ ಒಂದು ದೀರ್ಘಗೀತವೆಂಬ ಭ್ರಮೆ ಹುಟ್ಟುವಷ್ಟರ ಮಟ್ಟಿಗೆ ಈ ಹೆಣಿಗೆ ಸೊಗಸಾಗಿದೆ.

ಆದರೆ ಸೊಗಸಿಗೂ ಒಂದು ಬೆಲೆಯುಂಟು. ವರ್ಡ್ಸ್‌ವರ್ತನ ಪದ್ಯಗಳು 40ಕ್ಕೂ ಮಿಕ್ಕಿವೆ. ಜಾನ್ ಡನ್ ಮೊದಲ ಆವೃತ್ತಿಯಲ್ಲಿ ಇಲ್ಲವೇ ಇಲ್ಲ. ವಿಲಿಯಂ ಬ್ಲೇಕನೂ ಇಲ್ಲ. ಪ್ರೇಮವನ್ನು ತರ್ಕದ ಮೂಲಕ ಹಿಂಡಿ ತೋರಿಸುವ ಡನ್ನನ ಕವಿತೆ ‘ಒಂದೇ ಭಾವ’ದ ಸೂತ್ರಕ್ಕೆ ಒಗ್ಗತಕ್ಕದ್ದಲ್ಲ, ಅಲ್ಲಿ ಭಾವವೂ ಬುದ್ಧಿಯೂ ಪರಸ್ಪರ ಕಾದಾಡುತ್ತವೆ. ಬ್ಲೇಕನ ದರ್ಶನವಾದರೋ ಸಭ್ಯಗೃಹಸ್ಥನ ನಡುಮನೆಯಲ್ಲಿ ಕುಳಿತುಕೊಳ್ಳುವಂಥದಲ್ಲ. ಮಾರ್ವೆಲ್ಲನು ತನ್ನ ನಾಚುವ ನಲ್ಲೆಗೆ ಬರೆದ ಪ್ರಸಿದ್ಧ ಕವಿತೆಯನ್ನು ಸೇರಿಸಬೇಕೆಂದು ಟೆನಿಸನ್ನನು ಬಯಸಿದರೂ, ಅದರ ದಿಟ್ಟ ಶೃಂಗಾರಕ್ಕೆ ಅಳುಕಿ ಪಾಲ್‌ಗ್ರೇವನು ಅದನ್ನು ಬಿಟ್ಟನು. ಸ್ತ್ರೀಯರು ಬರೆದ ಪದ್ಯಗಳು ಬೆರಳೆಣಿಕೆಯಷ್ಟು. ಧರ್ಮಶ್ರದ್ಧೆಯುಳ್ಳ ಮನೆ, ಗ್ರೀಕ್ ಲ್ಯಾಟಿನ್‌ಗಳ ಹದವಾದ ಶಿಕ್ಷಣ, ಟೆನಿಸನ್ನನ ಸ್ನೇಹ, ಶಾಲಾಧಿಕಾರಿಯ ಎಚ್ಚರ ಇವೆಲ್ಲ ಕೂಡಿ ಯಾವ ಅಭಿರುಚಿಯನ್ನು ನಿರ್ಮಿಸಬಹುದೋ ಅದೇ ಇಲ್ಲಿ ಮೂರ್ತಿವೆತ್ತಿದೆ. ಸ್ನೇಹವು ಅವನ ತೀರ್ಪನ್ನು ವಾಲಿಸಬಲ್ಲುದಾಗಿತ್ತೆಂಬುದಕ್ಕೂ ಸಾಕ್ಷ್ಯವಿದೆ. 1862ರ ಅಂತರರಾಷ್ಟ್ರೀಯ ಪ್ರದರ್ಶನದ ಕಲಾವಸ್ತುಗಳಿಗೆ ಬರೆದ ಕೈಪಿಡಿಯಲ್ಲಿ ಅವನು ಇತರ ಶಿಲ್ಪಿಗಳನ್ನು ಹಳಿದು, ತನ್ನೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದ ವುಲ್ನರನನ್ನು ಹೊಗಳಿದನು. ಗದ್ದಲವೆದ್ದು ಆ ಕೈಪಿಡಿಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಇಂಥ ಒಬ್ಬ ಮನುಷ್ಯನ ಇಷ್ಟಾನಿಷ್ಟಗಳು ಸಮುದ್ರವನ್ನು ದಾಟಿ ನಮ್ಮಲ್ಲಿಗೆ ಬಂದಾಗ ಅವು ಒಬ್ಬನ ಇಷ್ಟಾನಿಷ್ಟಗಳಾಗಿ ಬರಲಿಲ್ಲ; ಆಂಗ್ಲ ಕಾವ್ಯದ ಸ್ವರೂಪವೇ ಆಗಿ ಬಂದವು. ಪುಸ್ತಕದ ಹೆಸರಿನಲ್ಲಿಯೇ ‘ಅತ್ಯುತ್ತಮ’ ಎಂಬ ವಿಶೇಷಣವಿತ್ತು. ಪಠ್ಯವೆಂದು ಓದಿದ ನಮ್ಮ ಹಿರಿಯರಿಗೆ ಅದನ್ನು ಸಂದೇಹಿಸಲು ಕಾರಣವಾದರೂ ಏನಿತ್ತು?

ಆ ಕಾಲದ ಕನ್ನಡದ ಸ್ಥಿತಿಯನ್ನು ನೆನೆದರೆ ಈ ಆಗಮನದ ಮಹತ್ವ ಗೊತ್ತಾಗುತ್ತದೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಕಿತ್ತೊಗೆದಿದ್ದರು. ಅದೇ ವರ್ಷ ಧಾರವಾಡದಲ್ಲಿ ಶ್ರೀಕಂಠಯ್ಯನವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದ್ದರು. ಹಟ್ಟಿಯಂಗಡಿ ನಾರಾಯಣರಾಯರು ‘ಆಂಗ್ಲ ಕವಿತಾವಳಿ’ಯ ಮೂಲಕ ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದಿದ್ದರು. ನೆಲ ಹದವಾಗಿತ್ತು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಹೊರಬಂದಾಗ, ಮಾತ್ರಾಗಣಗಳ ಹೊಸ ಹೊಸ ಜೋಡಣೆಗಳಲ್ಲಿ ತಿಳಿಗನ್ನಡವು ಹಾಡತೊಡಗಿತು. ಚಂಪುವಿನ ಭಾರವನ್ನಾಗಲಿ ಷಟ್ಪದಿಯ ಕಟ್ಟನ್ನಾಗಲಿ ಹೊರದೆ, ಹತ್ತಿಪ್ಪತ್ತು ಸಾಲುಗಳಲ್ಲಿ ಒಂದು ಭಾವವನ್ನು ಹೇಳಿ ಮುಗಿಸುವ ಕವಿತೆ ನಮ್ಮಲ್ಲಿ ನೆಲೆನಿಂತಿತು.

ಶ್ರೀಕಂಠಯ್ಯನವರು ಪಾಲ್‌ಗ್ರೇವನನ್ನು ಕುರುಡಾಗಿ ಹಿಂಬಾಲಿಸಿದರೆಂದು ಮಾತ್ರ ತಿಳಿಯಲಾಗದು. ಅವರೂ ಒಬ್ಬ ಸಂಪಾದಕರೇ. ಇನ್ನೂರೆಂಬತ್ತೆಂಟರಲ್ಲಿ ತಮಗೆ ಬೇಕಾದವನ್ನು ಆಯ್ದರು, ಸಾಲದಾದಾಗ ಹೊರಗೂ ಕೈಚಾಚಿದರು. ಕನ್ನಡಿಗರ ಪ್ರಾರ್ಥನೆಯೇ ಆಗಿಹೋಗಿರುವ, ಕರುಣೆಯ ಬೆಳಕನ್ನು ಕರೆಯುವ ಆ ಗೀತದ ಮೂಲಕರ್ತೃ ನ್ಯೂಮನ್. ಅವನು 1890ರವರೆಗೆ ಬದುಕಿದ್ದವನು. ಆದ್ದರಿಂದ 1861ರ ಸಂಗ್ರಹದಲ್ಲಿ ಅವನಿಗೆ ಸ್ಥಾನವಿರುವ ಸಂಭವವೇ ಇರಲಿಲ್ಲ. ಪಾಲ್‌ಗ್ರೇವನು ಅಪವಾದವೆಂದು ಒಳಗೆ ಬಿಟ್ಟುಕೊಂಡ ಕಥನಗೀತಗಳಲ್ಲಿ ಕ್ಯಾಂಬೆಲ್ಲನ ‘ಲಾರ್ಡ್ ಅಲಿನನ ಮಗಳು’ ಒಂದು. ಅದು ಕನ್ನಡದಲ್ಲಿ ‘ಕಾರಿಹೆಗ್ಗಡೆಯ ಮಗಳು’ ಆದಾಗ ಸ್ಕಾಟ್ಲೆಂಡಿನ ಬೆಟ್ಟನಾಡಿನ ನಾಯಕನು ಗೌಡನಾದನು, ಪ್ರಭುವು ಹೆಗ್ಗಡೆಯಾದನು. ಹೊಳೆ, ದೋಣಿ, ಬಿರುಗಾಳಿ, ದಡದಲ್ಲಿ ನಿಂತು ಮರುಗುವ ತಂದೆ ಎಲ್ಲವೂ ಈ ನೆಲದವೇ ಆದವು. ಇಲ್ಲಿ ಅನುವಾದಕನ ರುಚಿಯು ಮೂಲಸಂಪಾದಕನ ರುಚಿಯನ್ನು ಮೀರಿ ನಿಂತಿದೆ. ಸೇತುವೆಯಿಂದ ಹಾರಿ ಪ್ರಾಣಬಿಟ್ಟ ನಿರ್ಗತಿಕ ಹೆಣ್ಣನ್ನು ಕುರಿತ ಹುಡ್ಡನ ಶೋಕಗೀತವು ‘ದುಃಖಸೇತು’ವಾಗಿ ಬಂದು, ಪತಿತೆಯೆಂದು ಲೋಕ ತಳ್ಳಿದವಳಿಗಾಗಿ ಕನ್ನಡದ ಹೊಸ ಛಂದಸ್ಸು ಕಣ್ಣೀರಿಡುವಂತೆ ಮಾಡಿತು.

ಆದರೆ ‘ವಸಂತ’ವನ್ನು ನೋಡಿರಿ. ಪಾಲ್‌ಗ್ರೇವನ ಮೊದಲ ಪದ್ಯವೇ ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ನಲಿದಾಡಿದ ಪದ್ಯವಾಯಿತು. ಅದರ ಲಯ ಮೋಹಕವಾದುದು. ಆದರೂ ಅಲ್ಲಿ ಕೂಗುವ ಹಕ್ಕಿಗಳು ಇಂಗ್ಲೆಂಡಿನವು. ಅವುಗಳ ಕೂಗಿನ ಅನುಕರಣಶಬ್ದಗಳು ಕೂಡ ಹಾಗೆಯೇ ಉಳಿದಿವೆ. ಚಳಿಯ ಸೆರೆಯಿಂದ ಬಿಡುಗಡೆ ಹೊಂದಿದ ನಾಡಿನ ಹಿಗ್ಗು ಅದು. ನಮ್ಮ ಪಡುವಣ ಕರಾವಳಿಯಲ್ಲಿ ವಸಂತವೆಂದರೆ ಬೆವರು, ಬತ್ತುವ ಬಾವಿ, ಗೇರುಹಣ್ಣಿನ ವಾಸನೆ, ಮಾವಿನ ಮಿಡಿ. ಇಲ್ಲಿಯ ರೈತನ ಮನಸ್ಸು ಹಿಗ್ಗುವುದು ಮೊದಲ ಮಳೆಗೆ. ಹಾಡು ಚೆನ್ನಾಗಿದ್ದುದರಿಂದ ಹಕ್ಕಿ ಯಾವ ಕಾಡಿನದೆಂದು ಯಾರೂ ಕೇಳಲಿಲ್ಲ. ಅಭಿರುಚಿಯ ವಲಸೆ ನಡೆಯುವುದು ಹೀಗೆಯೇ.

ಪದ್ಯಗಳ ವಲಸೆಗಿಂತ ಸೂತ್ರದ ವಲಸೆ ಇನ್ನೂ ಗಂಭೀರವಾದುದು. ‘ಒಂದೇ ಭಾವ, ಸಂಕ್ಷೇಪ, ಉಪದೇಶವಿಲ್ಲ, ನಗೆಯಿಲ್ಲ’ ಎಂಬುದು ಶುದ್ಧ ಕವಿತೆಯ ಲಕ್ಷಣವೆಂದು ನಾವೂ ಕ್ರಮೇಣ ನಂಬಿದೆವು. ಈ ಲಕ್ಷಣದ ಮುಂದೆ ಸರ್ವಜ್ಞನ ತ್ರಿಪದಿ ಬರಿಯ ನೀತಿಯಾಯಿತು; ದಾಸರ ಪದಗಳು ಭಕ್ತಿಯ ಕೋಣೆಗೆ ಸೇರಿದವು; ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನದ ಪದಗಳು ಕಥೆಗೆ ಅಂಟಿಕೊಂಡಿರುವುದರಿಂದ ‘ಕವಿತೆ’ಯೆಂಬ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲಿಲ್ಲ. ಇವನ್ನು ಯಾರೂ ಖಂಡಿಸಿ ಹೊರಗಟ್ಟಲಿಲ್ಲ. ಅಳತೆಗೋಲು ಬದಲಾಯಿತು, ಅಷ್ಟೆ.

ಇದು ಪಾಲ್‌ಗ್ರೇವನೊಬ್ಬನ ದೋಷವಲ್ಲ, ಆಯ್ಕೆಯ ಸ್ವಭಾವವೇ ಇಂಥದು. ನಮ್ಮದೇ ಭಾಷೆಯಲ್ಲಿ ಅವನಿಗಿಂತ ಆರು ಶತಮಾನ ಮುಂಚೆ ಒಬ್ಬ ಸಂಪಾದಕನಿದ್ದನು. ಹೊಯ್ಸಳ ಸೋಮೇಶ್ವರನ ಕಾಲದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದನು. ವೈಯಾಕರಣ ಕೇಶಿರಾಜನ ತಂದೆ, ಕವಿ ಜನ್ನನ ಬಂಧು. ಪಾಂಡಿತ್ಯದ ಮನೆ, ಆಸ್ಥಾನದ ವಾತಾವರಣ. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯವೇ ಮೊದಲಾದ ಹದಿನೆಂಟು ವರ್ಣನೆಗಳ ಕಟ್ಟಿನಲ್ಲಿ ಅವನು ಪದ್ಯಗಳನ್ನು ಜೋಡಿಸಿದನು. ಪಾಲ್‌ಗ್ರೇವನು ಹೊರಗಿಟ್ಟ ವರ್ಣನೆಯೇ ಮಲ್ಲಿಕಾರ್ಜುನನಿಗೆ ಕಾವ್ಯದ ಜೀವಾಳ! ಅವನ ದೃಷ್ಟಿ ಚಂಪೂಕಾವ್ಯಗಳ ಮೇಲೆ ನೆಟ್ಟಿತ್ತು. ಒಂದು ಶತಮಾನ ಮೊದಲೇ ನಾಡನ್ನು ಅಲುಗಾಡಿಸಿದ ವಚನಗಳಿಗೆ ಅಲ್ಲಿ ಎಡೆ ದೊರೆಯಲಿಲ್ಲ. ಅವಕ್ಕೆ ತಕ್ಕ ಸಂಪಾದಕ ದೊರೆತದ್ದು ಹದಿನೈದನೆಯ ಶತಮಾನದಲ್ಲಿ, ‘ಶೂನ್ಯಸಂಪಾದನೆ’ಯನ್ನು ಸಂವಾದರೂಪದಲ್ಲಿ ಹೆಣೆದ ಶಿವಗಣಪ್ರಸಾದಿ ಮಹಾದೇವಯ್ಯನಲ್ಲಿ. ಹಾಗೆಂದು ಮಲ್ಲಿಕಾರ್ಜುನನನ್ನು ಹಳಿಯುವುದೆಂತು? ಗುಣವರ್ಮನ ‘ಶೂದ್ರಕ’, ‘ಹರಿವಂಶ’ಗಳು ಇಂದು ನಮಗಿಲ್ಲ, ಅವುಗಳ ಬಿಡಿಪದ್ಯಗಳು ಉಳಿದಿರುವುದು ಇಂಥ ಸಂಕಲನಕಾರರ ಕೃಪೆಯಿಂದ. ಆಯ್ದವನ ಕೈ ಉಳಿಸುವ ಕೈಯೂ ಹೌದು, ಕಳೆಯುವ ಕೈಯೂ ಹೌದು.

ಇಂಗ್ಲೆಂಡಿನಲ್ಲಿ ಪಾಲ್‌ಗ್ರೇವನ ಆಳ್ವಿಕೆಗೆ ಕೊನೆ ಬಂದದ್ದೂ ಇನ್ನೊಬ್ಬ ಸಂಪಾದಕನಿಂದಲೇ. 1921ರಲ್ಲಿ ಗ್ರಿಯರ್ಸನ್ನನು ಡನ್ ಮತ್ತು ಅವನ ಪಂಥದವರ ಕವಿತೆಗಳನ್ನು ಸಂಕಲಿಸಿ ಹೊರತಂದನು. ಅದನ್ನು ವಿಮರ್ಶಿಸುತ್ತ ಟಿ. ಎಸ್. ಎಲಿಯಟ್ಟನು, ಬುದ್ಧಿ ಭಾವಗಳನ್ನು ಬೇರ್ಪಡಿಸಿದ ಕಾವ್ಯಮಾರ್ಗವನ್ನೇ ಪ್ರಶ್ನಿಸಿದನು. ಹೀಗೆ ಅಲ್ಲಿ ಅಳಿಯುತ್ತಿದ್ದ ಅಭಿರುಚಿಯೇ ಇಲ್ಲಿ ಅರುಣೋದಯವಾಗುತ್ತಿತ್ತು! ಮೂರು ದಶಕಗಳ ಅನಂತರ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954) ಬಂದಾಗ ಎಲಿಯಟ್ಟನ ರುಚಿಯೂ ಕನ್ನಡಕ್ಕೆ ಬಂದು ಸೇರಿತು. ನವೋದಯದ ಇಂಪು ಅನೇಕರಿಗೆ ಸಪ್ಪೆಯೆನಿಸಿತು. ಎಲಿಯಟ್ಟನೂ ಒಂದು ಪತ್ರಿಕೆಯ, ಒಂದು ಪ್ರಕಾಶನಸಂಸ್ಥೆಯ ಸಂಪಾದಕನಾಗಿದ್ದನೆಂಬುದನ್ನು ಮರೆಯಬಾರದು. ಒಬ್ಬನ ಅಭಿರುಚಿಯಿಂದ ಬಿಡುಗಡೆಯೆಂದು ಭಾವಿಸಿದ್ದು ಇನ್ನೊಬ್ಬನ ಅಭಿರುಚಿಯ ಆಶ್ರಯವೂ ಆಗಿರಬಹುದು.

ಇವೆರಡರ ನಡುವೆ ಕನ್ನಡದಲ್ಲಿ ಮೂರನೆಯದೊಂದು ದಾರಿ ತೆರೆದಿತ್ತು. ಅದು ತೆರೆದದ್ದು ಗಡಿಯ ಸಮೀಪದ ಒಂದು ಹಳ್ಳಿಯಲ್ಲಿ ಎಂಬುದು ನಮಗೆ ವಿಶೇಷವಾಗಿ ಗಮನಾರ್ಹ. ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಪ್ರಕಟಿಸಿದರು. ಆಕ್ಸ್‌ಫರ್ಡಿನ ಶಿಕ್ಷಣವಿಲ್ಲ, ಆಸ್ಥಾನಕವಿಯ ಸ್ನೇಹವಿಲ್ಲ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬದಿಯಲ್ಲಿ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳೇ ಅವರ ಗ್ರಂಥಭಂಡಾರ. ಈ ತ್ರಿಪದಿಗಳಲ್ಲಿ ಸಂಕ್ಷೇಪವೂ ಇದೆ, ಭಾವದ ಏಕತೆಯೂ ಇದೆ. ಪಾಲ್‌ಗ್ರೇವನೂ ಮೆಚ್ಚಬೇಕಾದ ಗುಣಗಳು. ಜತೆಗೆ ಅವನು ಹೊರಗಿಟ್ಟ ನಗೆಯಿದೆ, ನೀತಿಯಿದೆ, ತವರಿನ ದಾರಿಯ ವರ್ಣನೆಯಿದೆ. ಅವನಲ್ಲಿ ಬೆರಳೆಣಿಕೆಯಷ್ಟಿದ್ದ ಸ್ತ್ರೀಧ್ವನಿ ಇಲ್ಲಿ ಇಡಿಯ ಪುಸ್ತಕವನ್ನೇ ತುಂಬಿದೆ. ‘ಗೋಲ್ಡನ್ ಟ್ರೆಷರಿ’ಗೆ ಕನ್ನಡವು ಕೊಟ್ಟ ಸರಿಯಾದ ಉತ್ತರ ಯಾವುದೆಂದು ಕೇಳಿದರೆ, ಅದಕ್ಕೆ ಎದುರಾಗಿ ಬರೆದ ಯಾವ ಖಂಡನೆಯನ್ನೂ ಅಲ್ಲ, ಈ ಸಂಗ್ರಹವನ್ನೇ ತೋರಿಸಬೇಕಾಗುತ್ತದೆ.

ಈ ವಿಚಾರವು ಗಡಿನಾಡಿನ ನಮಗೆ ಬರಿಯ ಸಾಹಿತ್ಯಚರಿತ್ರೆಯ ವಿಷಯವಲ್ಲ. ರಾಜ್ಯಭಾಷೆ ಬೇರೆಯಾಗಿರುವ ಕಡೆ ಬೆಳೆಯುವ ಎಷ್ಟೋ ಮಕ್ಕಳಿಗೆ ಶಾಲೆಯ ಕನ್ನಡ ಪಠ್ಯಪುಸ್ತಕದಲ್ಲಿರುವ ಹತ್ತಾರು ಪದ್ಯಗಳೇ ಕನ್ನಡ ಕಾವ್ಯದ ಸರ್ವಸ್ವ. ನಾಡಿನ ಒಳಗಿನ ಮಗುವು ಪುಸ್ತಕದಲ್ಲಿ ಸಿಗದುದನ್ನು ಬೀದಿಯಲ್ಲಿ, ಸಭೆಯಲ್ಲಿ, ಗ್ರಂಥಾಲಯದಲ್ಲಿ ಪಡೆದೀತು. ಗಡಿಯ ಮಗುವಿಗೆ ಆ ಅನುಕೂಲ ಕಡಮೆ. ಅಲ್ಲಿ ಆಯ್ದವನು ಬಿಟ್ಟದ್ದೆಲ್ಲ ಇಲ್ಲದ್ದೇ ಆಗಿಬಿಡುತ್ತದೆ. ಆದಕಾರಣ ಪಠ್ಯವನ್ನು ಆರಿಸುವವರೂ, ಸಂಘಗಳ ಮೂಲಕ ಕವನಸಂಗ್ರಹಗಳನ್ನು ಹೊರತರುವವರೂ ಹೊರುವ ಹೊಣೆ ಸಣ್ಣದಲ್ಲ.

ಅಭಿರುಚಿಯಿಲ್ಲದ ಸಂಪಾದಕ ಬೇಕೆಂದು ಇದರ ಅರ್ಥವಲ್ಲ. ಅಂಥವನ ಪುಸ್ತಕ ಸಂತೆಯ ರಾಶಿಯಾದೀತು. ಪಾಲ್‌ಗ್ರೇವನಿಂದ ನಾವು ಕಲಿಯತಕ್ಕುದು ಎರಡು. ಒಂದು, ಅವನಂತೆ ಶ್ರಮಪಟ್ಟು ಎಲ್ಲವನ್ನೂ ಓದಿ, ಯಾವ ಅಳತೆಯಿಂದ ಆರಿಸಿದೆನೆಂಬುದನ್ನು ಮುನ್ನುಡಿಯಲ್ಲಿ ನಿರ್ವಂಚನೆಯಿಂದ ಹೇಳುವುದು. ಇನ್ನೊಂದು, ಅವನು ಮಾಡದೆ ಉಳಿಸಿದ್ದು: ಆ ಅಳತೆಗೆ ಹೊಂದದ ಒಳ್ಳೆಯ ಕವಿತೆಯೂ ಉಂಟೆಂದು ಓದುಗನಿಗೆ ತಿಳಿಸಿ, ಅದು ಸಿಗುವ ಕಡೆಗೆ ಬೆರಳು ತೋರುವುದು. ಓದುಗನಾದರೋ ಪ್ರತಿಯೊಂದು ಸಂಗ್ರಹವನ್ನು ತೆರೆಯುವಾಗಲೂ ಕವಿಗಳ ಪಟ್ಟಿಯನ್ನು ನೋಡುವ ಮೊದಲು ಸಂಪಾದಕನ ಹೆಸರನ್ನು ಓದಿ, ಈತ ಯಾರು, ಯಾವ ಮನೆಯಿಂದ ಬಂದವನು, ಏನನ್ನು ಪ್ರೀತಿಸಿದವನು ಎಂದು ವಿಚಾರಿಸಬೇಕು. ಹಾಗೆ ವಿಚಾರಿಸಿಕೊಂಡು ಓದಿದವನು ‘ಗೋಲ್ಡನ್ ಟ್ರೆಷರಿ’ಯನ್ನು ಇಂದಿಗೂ ಸಂತೋಷದಿಂದ ಓದಬಲ್ಲನು, ಅದರ ಹೊರಗೆ ಉಳಿದುದನ್ನು ಹುಡುಕಿಕೊಂಡು ಹೋಗಲೂ ಬಲ್ಲನು.